ಪರದೆಯ ಬಲಗಡೆ ನಿಂತವನು

“ಗಂಡಸಾ? ಯಾವ ಗಂಡಸು? ಅಲ್ಲಿ ಯಾವ ಗಂಡಸೂ ಇರಲಿಲ್ಲ!”

“ಇದ್ದ ರೀ!”

“ಇರಲಿಲ್ಲ ಅಂದ್ರೆ ಇರಲಿಲ್ಲ!”

ವೊಲೋಸ್ ಊರಿನ ಬಯಲು ಟಾಕೀಸಿನ ಅಂಗಳದಲ್ಲಿ ಭಾನುವಾರದ ಎಳೆಬಿಸಿಲು. ಕಾಫಿ ಹಿಡಿದು ಕೂತಿದ್ದ ಜನ ಒಮ್ಮೆ ಮಿರ್ಸಿನಿಯ ಮುಖ ನೋಡಿದರು, ಒಮ್ಮೆ ಆರ್ಗಿರಿಸನ ಮುಖ ನೋಡಿದರು. ಇಷ್ಟು ಚೆನ್ನಾಗಿರುವ ಜಗಳ ಈ ಬೇಸಿಗೆಯಲ್ಲಿ ಇನ್ನೂ ಆಗಿರಲಿಲ್ಲ. ಯಾರಿಗೂ ಬಿಡಿಸುವ ಮನಸ್ಸಿರಲಿಲ್ಲ.

ಬೇಸಿಗೆ ಬಂತೆಂದರೆ ಇಲ್ಲಿ ಹೀಗೇ. ವಾರವಿಡೀ ಕತ್ತಲಾದ ಮೇಲೆ ಸಿನಿಮಾ, ಭಾನುವಾರ ಬೆಳಗ್ಗೆ ಅದೇ ಕುರ್ಚಿಗಳಲ್ಲಿ ಕೂತು ಅದರ ಬಗ್ಗೆ ಮಾತು. ಮಿರ್ಸಿನಿ ಬಂದದ್ದು ಅದೇ ಮೊದಲು. ಪಕ್ಕದ ಬೀದಿಯಲ್ಲಿ ಹೆಂಗಸರ ಕೂದಲು ಕತ್ತರಿಸುವ ರೊದೂಲಾ, “ಬಾರೇ, ನಿನ್ನಂಥ ಬಾಯಿ ನಮ್ಮ ಗುಂಪಿಗೆ ಬೇಕು” ಅಂತ ಎಳೆದು ತಂದಿದ್ದಳು.

ಬಂದವಳು ಸುಮ್ಮನೆ ಕಾಫಿ ಕುಡಿದು ಹೋಗಬಾರದಿತ್ತೇ? ಇಲ್ಲ! ಎದ್ದು ನಿಂತು ಶುರು ಮಾಡಿಬಿಟ್ಟಳು.

“ಆ ಪೋರ್ಚುಗಲ್ ಸಿನಿಮಾದ ಕೊನೆ ಇದೆಯಲ್ಲ... ಅವಳು ಪೆಟ್ಟಿಗೆ ಹಿಡ್ಕೊಂಡು ದೋಣಿ ಇಳೀತಾಳೆ. ಖಾಲಿ ಕಟ್ಟೆ ಮೇಲೆ ಒಬ್ಬಳೇ ನಡೀತಾಳೆ. ಪೆಟ್ಟಿಗೆ ಕೆಳಗಿಟ್ಟು, ಗಾಳಿಗೆ ಎರಡೂ ಕೈ ಚಾಚಿ, ನಗ್ತಾ ನಗ್ತಾ ಪರದೆಯಿಂದಾಚೆಗೇ ಹೋಗಿಬಿಡ್ತಾಳೆ! ಕೊನೆಯಲ್ಲಿ ಒಬ್ಬ ಗಂಡಸನ್ನ ತಂದು ನಿಲ್ಲಿಸದೇ ಇರೋ ಸಿನಿಮಾ ನಾನು ನೋಡಿದ್ದು ಇದೇ ಮೊದಲು!”

ಅಥೆನ್ಸಿನಲ್ಲಿ ಒಬ್ಬನನ್ನು ನಂಬಿ, ಉಂಗುರ ಬದಲಾಯಿಸಿಕೊಂಡು, ಅವನು ಇನ್ನೊಬ್ಬಳ ಜೊತೆ ಹೊರಟುಹೋದ ಮೇಲೆ ಅಜ್ಜಿಯ ಮನೆ ಸೇರಿದವಳು ಅವಳು. ಆ ಖಾಲಿ ಕಟ್ಟೆ, ಆ ನಗು ಅವಳಿಗೆ ಎಷ್ಟು ಧೈರ್ಯ ಕೊಟ್ಟಿತ್ತೆಂದು ಯಾರಿಗೆ ಗೊತ್ತು?

ಆಗಲೇ ಹಿಂದಿನ ಸಾಲಿನಲ್ಲಿ ಯಾರೋ ಫಕ್ಕನೆ ನಕ್ಕದ್ದು. ನಕ್ಕವನು ಆರ್ಗಿರಿಸ್, ಟಾಕೀಸಿನ ಆಪರೇಟರ್. ಕೆದರಿದ ತಲೆ, ಮಡಿಸಿದ ತೋಳು, ಕೈಯಲ್ಲಿ ಅಲುಗಾಡುತ್ತಿರುವ ಕಾಫಿ ಲೋಟ.

“ಅವಳು ತಬ್ಬಿಕೊಂಡಿದ್ದು ಗಾಳೀನಲ್ಲ ರೀ, ಗಂಡಸನ್ನ! ಟೋಪಿ ಕೈಯಲ್ಲಿ ಹಿಡ್ಕೊಂಡು ಅಷ್ಟು ಹೊತ್ತಿಂದ ನಿಂತಿರ್ತಾನಲ್ಲ, ಪಾಪ! ಆ ಸಿನಿಮಾ ದಿನಾ ಓಡಿಸಿದೋನು ನಾನು. ಕನ್ನಡಕದ ಅಂಗಡೀಲಿ ಕೆಲಸ ಅಂದ್ರಲ್ಲ? ನೀವೂ ಒಂದು ಹಾಕ್ಕೊಳ್ರಿ!”

ಅಂಗಳವೆಲ್ಲ ನಗು. ಮಿರ್ಸಿನಿಯ ಕಿವಿ ಕೆಂಪಾಯಿತು.

‘ಎಷ್ಟು ಕೊಬ್ಬು ಇವನಿಗೆ!’

“ನೋಡ್ರಿ,” ಎಂದು ಅವಳು ಎದುರಿನ ಬಿಳಿ ಗೋಡೆಯತ್ತ ಬೆರಳು ಚಾಚಿದಳು. ಆ ಗೋಡೆಯೇ ಅಲ್ಲಿಯ ಪರದೆ. “ಅವಳು ನಡೆಯೋದು ಅಲ್ಲಿಂದ ಇಲ್ಲೀವರೆಗೆ. ಅಲ್ಲಿಗೆ ಪರದೆ ಮುಗೀತು. ಇನ್ನು ನಿಮ್ಮ ಗಂಡಸು ಎಲ್ಲಿ ನಿಲ್ತಾನೆ...”

ಬೆರಳು ಅಲ್ಲೇ ನಿಂತಿತು.

ಪರದೆ ಅಲ್ಲಿಗೆ ಮುಗಿದಿರಲಿಲ್ಲ. ಹಿಪ್ಪುನೇರಳೆ ಮರವನ್ನು ದಾಟಿ ಅದು ಇನ್ನೂ ಹೋಗುತ್ತಿತ್ತು... ಹೋಗುತ್ತಲೇ ಇತ್ತು! ಮೂರನೇ ಒಂದು ಪಾಲು ಪರದೆ ಆ ಕಡೆ ಆರಾಮವಾಗಿ ಬಿಸಿಲು ಕಾಯುತ್ತಿತ್ತು.

ಮಿರ್ಸಿನಿ ತಲೆಯೆತ್ತಿ ಪಕ್ಕದ ಮನೆಯ ಮೂರನೇ ಮಹಡಿಯತ್ತ ನೋಡಿದಳು.

‘ಅಯ್ಯೋ ದೇವಮಾತೇ! ನಾನು ನೋಡಿದ್ದೆಲ್ಲ ಅರೆಬರೆ ಸಿನಿಮಾನೇ!’

ಟಾಕೀಸಿನ ಗೋಡೆಯ ಆಚೆಗಿನ ಮನೆಯ ಮೂರನೇ ಮಹಡಿಯಲ್ಲಿ ಅವಳ ಅಜ್ಜಿ ಸ್ತಮಾತಿಯಾಳ ಬಾಲ್ಕನಿ. ಅಜ್ಜಿಯೂ ಮೊಮ್ಮಗಳೂ ಸೂರ್ಯಕಾಂತಿ ಬೀಜ ಮೆಲ್ಲುತ್ತಾ ಅಲ್ಲಿಂದಲೇ ಎಲ್ಲ ಸಿನಿಮಾ ನೋಡುತ್ತಿದ್ದರು. ಪರದೆಯ ಕೆಳಗೆ ಮೂಡುವ ಅನುವಾದದ ಅಕ್ಷರಗಳ ಬಾಲ ಅಡ್ಡ ಬಂದ ಮರದ ಎಲೆಯೊಳಗೆ ಹೋಗುತ್ತಿದ್ದದ್ದು ಮಿರ್ಸಿನಿಗೆ ಗೊತ್ತಿತ್ತು. ಒಂದೆರಡು ಪದ ತಾನೇ, ಹೋಗಲಿ, ಅಂದುಕೊಂಡಿದ್ದಳು. ಒಬ್ಬ ಇಡೀ ಗಂಡಸು ಆ ಎಲೆಗಳ ಹಿಂದೆ ಟೋಪಿ ಹಿಡಿದು ನಿಂತಿರಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ!

‘ಒಪ್ಪಿಕೊಂಡುಬಿಡಲಾ? ಬಾಲ್ಕನಿಯಿಂದ ನೋಡಿದ್ದು ಅಂದ್ಬಿಡಲಾ?’

ಬಾಯಿ ತೆರೆದಳು. ಅಷ್ಟರಲ್ಲಿ ಬಿಸಿ ಚೀಸ್ ಪಫ್‌ನ ತಟ್ಟೆ ಹಿಡಿದು ಬಂದರು ಟಾಕೀಸಿನ ಯಜಮಾನ ಮೆನೆಲಾವೋಸ್, ಆರ್ಗಿರಿಸನ ಸೋದರಮಾವ. ಬಂದವರೇ ಸುತ್ತಲಿನ ಮನೆಗಳ ಕಡೆ ಗದ್ದ ಎತ್ತಿದರು.

“ತಿನ್ನಿ, ತಿನ್ನಿ. ನೀವಾದರೂ ಟಿಕೆಟ್ ತಗೊಂಡು ಬರೋ ಮರ್ಯಾದಸ್ಥರು. ಆ ಬಾಲ್ಕನಿ ಕಳ್ಳರಲ್ಲಿ ಒಬ್ಬರು, ಒಬ್ಬರೇ ಒಬ್ಬರು ನನ್ನ ಕೈಗೆ ಸಿಗಲಿ... ಅವತ್ತೇ ಗೋಡೆ ಮೇಲೆ ಸುತ್ತಾ ಟಾರ್ಪಾಲು ಎತ್ತಿ ಕಟ್ಟಿಸ್ತೀನಿ!”

ಮಿರ್ಸಿನಿ ತೆರೆದ ಬಾಯಿ ಮುಚ್ಚಿದಳು.

ಅಜ್ಜಿ ಚಳಿಗಾಲದಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಆ ಮನೆಗೆ ಲಿಫ್ಟ್ ಇರಲಿಲ್ಲ. ಅಂದಿನಿಂದ ಮೆಟ್ಟಿಲಿಳಿದವಳಲ್ಲ. ಬೀದಿ ಇಲ್ಲ, ಸಂತೆ ಇಲ್ಲ, ಚರ್ಚಿಲ್ಲ. ಅವಳಿಗೆ ಉಳಿದಿದ್ದದ್ದು ಆ ಬಾಲ್ಕನಿಯ ಸಿನಿಮಾ ಒಂದೇ. ಟಾರ್ಪಾಲು ಎದ್ದರೆ ಅದೂ ಹೋಯಿತು!

ಎಲ್ಲರೂ ಉತ್ತರಕ್ಕೆ ಕಾಯುತ್ತಿದ್ದರು. ಆರ್ಗಿರಿಸ್ ಹುಬ್ಬು ಹಾರಿಸಿ ಕಾಯುತ್ತಿದ್ದ. ಮಿರ್ಸಿನಿ ಉಸಿರೆಳೆದುಕೊಂಡಳು.

“ಆಯ್ತಪ್ಪ, ಗಂಡಸು ಇದ್ದ. ಆದರೆ... ಅವಳ ಪಾಲಿಗೆ ಅವನು ಇರಲಿಲ್ಲ! ತಬ್ಬಿಕೊಂಡಿದ್ದು ಅವನನ್ನೇ ಇರಬಹುದು. ಅವಳು ನಕ್ಕಿದ್ದು ಮಾತ್ರ ತನಗೋಸ್ಕರ!”

ನಿವೃತ್ತ ಮೇಷ್ಟ್ರು ಕೊಸ್ಮಾಸ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

“ಭಲೇ! ಇದ್ದೂ ಇಲ್ಲದ ಗಂಡಸು! ಎಂಥ ಒಳನೋಟ, ಮಗಳೇ! ನಾವೆಲ್ಲ ಬರೀ ಕಣ್ಣಿಂದ ನೋಡಿದ್ವಿ!”

ಚಪ್ಪಾಳೆಯೋ ಚಪ್ಪಾಳೆ! ಆರ್ಗಿರಿಸ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ತುಟಿಯಂಚಿನಲ್ಲಿ ನಗು ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದ.

ಅವಳಿಗೆ ಯಾಕೋ ಸಿಟ್ಟು ಬಂತು. ಆದರೂ ಯಾಕೋ, ಮುಂದಿನ ಭಾನುವಾರ ಬೇಗ ಬರಲಿ ಅನ್ನಿಸಿತು.

* * *

“ಅಜ್ಜೀ! ಪರದೆ ಆ ಕಡೆಗೂ ಇದೆ! ಮರದ ಹಿಂದೆ!”

“ಗೊತ್ತು ಕಣೇ,” ಎಂದಳು ಅಜ್ಜಿ, ಬೀನ್ಸಿನ ನಾರು ತೆಗೆಯುತ್ತಾ. “ಮರ ಬೆಳೆದ ಮೇಲೆ ಆ ಕಡೆಯದನ್ನ ನಾನೇ ಮನಸ್ಸಲ್ಲಿ ಕಟ್ಕೋತೀನಿ. ಎಷ್ಟೋ ಸಲ ಅವರದಕ್ಕಿಂತ ನಂದೇ ಚೆನ್ನಾಗಿರುತ್ತೆ.”

“ನಂಗ್ಯಾಕೆ ಹೇಳ್ಲಿಲ್ಲ?”

“ನಿನ್ನ ಕುರ್ಚಿ ಆ ತುದೀಲಿದೆಯಲ್ಲ, ನಿಂಗೆ ಕಾಣುತ್ತೆ ಅಂದ್ಕೊಂಡಿದ್ದೆ.” ಅಜ್ಜಿ ತಲೆ ಎತ್ತಿ ಮೊಮ್ಮಗಳನ್ನು ಮೇಲಿಂದ ಕೆಳಗೆ ನೋಡಿದಳು. “ಅದಿರಲಿ... ಮುಖ ಯಾಕೆ ಹಾಗೆ ಕೆಂಪಾಗಿದೆ?”

“ಬಿಸಿಲು!”

“ಹ್ಞೂಂ. ಬಿಸಿಲು,” ಎಂದು ಅಜ್ಜಿ ಮತ್ತೆ ಬೀನ್ಸಿಗೆ ಕೈಹಾಕಿದಳು.

ಅಂದಿನಿಂದ ಮಿರ್ಸಿನಿಯ ಪಜೀತಿ ಕೇಳಬಾರದು. ಒಂದು ವಾರ ಮದುವೆಯ ಸಿನಿಮಾ. ಬಾಲ್ಕನಿಯಿಂದ ಮದುಮಗನೇ ಕಾಣಲಿಲ್ಲ. ಇನ್ನೊಂದು ವಾರ ಕೊಲೆಯ ಸಿನಿಮಾ. ಕೊಲೆಗಾರ ಬರುವುದು ಹೋಗುವುದು ಎಲ್ಲ ಬಲಗಡೆಯ ಬಾಗಿಲಿನಿಂದಲೇ! ಮತ್ತೊಂದರಲ್ಲಿ ಒಬ್ಬ ಮುದುಕಿ ಸಿನಿಮಾ ಪೂರ್ತಿ ಯಾರ ಜೊತೆಗೋ ಮಾತಾಡುತ್ತಲೇ ಇದ್ದಳು.

“ಅವಳು ತನ್ನ ಸತ್ತ ಗಂಡನ ಜೊತೆ ಮಾತಾಡ್ತಿದ್ದಳು,” ಎಂದು ಮಿರ್ಸಿನಿ ಆ ಭಾನುವಾರ ಧೈರ್ಯಮಾಡಿ ಹೇಳಿದಳು.

“ಕತ್ತೆ ಜೊತೆ ರೀ!” ಆರ್ಗಿರಿಸ್ ಹೊಟ್ಟೆ ಹಿಡಿದುಕೊಂಡ.

“ಕತ್ತೆಯಲ್ಲಿ ಗಂಡನ್ನ ಕಂಡಿದ್ದಾಳೆ! ಆಹಾ!” ಎಂದು ಮೇಷ್ಟ್ರು ಕಣ್ಣೊರೆಸಿಕೊಂಡರು.

ಇದು ಹೀಗೇ ನಡೆದರೆ ಸಿಕ್ಕಿಬೀಳುವುದು ಖಂಡಿತ. ಅದಕ್ಕೇ ಅವಳೊಂದು ಉಪಾಯ ಹೂಡಿದಳು. ಬೆಳಗ್ಗೆ ಅಂಗಡಿಗೆ ಹೋಗುವ ಮುಂಚೆ ಬ್ರೆಡ್ ಕೊಳ್ಳುವ ಬೇಕರಿಗೇ ಆರ್ಗಿರಿಸನೂ ಬರುತ್ತಿದ್ದ. ಅಲ್ಲೇ ಅವನನ್ನು ಹಿಡಿದಳು.

“ನಿನ್ನೆಯ ಸಿನಿಮಾದಲ್ಲಿ... ಅವಳು ಬಾಗಿಲು ತೆಗೀತಾಳಲ್ಲ, ಆಗ ನಿಮಗೆ ಏನನ್ನಿಸ್ತು?”

“ಯಾವ ಬಾಗಿಲು? ಎಡಗಡೇದಾ, ಬಲಗಡೇದಾ?”

“ಬಲಗಡೇದು.”

ಆರ್ಗಿರಿಸ್ ಬ್ರೆಡ್ಡನ್ನು ಬಗಲಲ್ಲಿ ಇರುಕಿಕೊಂಡು ಅಲ್ಲೇ ನಟಿಸಿ ತೋರಿಸಿದ. ಬಾಗಿಲಲ್ಲಿ ನಿಂತ ಪೊಲೀಸನಾದ, ಅವನ ಹೆಂಡತಿಯಾದ, ಹೆಂಡತಿಯ ನಾಯಿಯೂ ಆದ. ಬೇಕರಿಯವರು ಹಿಟ್ಟಿನ ಕೈಯಲ್ಲೇ ನಿಂತು ನೋಡಿದರು. ಮಿರ್ಸಿನಿ ನಕ್ಕು ನಕ್ಕು ಗೋಡೆಗೆ ಒರಗಿದಳು. ಅಥೆನ್ಸ್ ಬಿಟ್ಟು ಬಂದಮೇಲೆ ಅವಳು ಹಾಗೆ ನಕ್ಕಿರಲಿಲ್ಲ.

ಮರುದಿನವೂ ಕೇಳಿದಳು. ಅದರ ಮರುದಿನವೂ. ಬೇಕರಿಯಿಂದ ಅವಳ ಅಂಗಡಿಯವರೆಗೆ, ಬಂದರಿನ ದಂಡೆಗುಂಟ, ಅವನು ಅರ್ಧ ಸಿನಿಮಾ ಹೇಳುತ್ತಾ ಜೊತೆಗೆ ನಡೆಯತೊಡಗಿದ. ‘ನೀವು’ ಯಾವಾಗ ‘ನೀನು’ ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

“ಆಪರೇಟರ್ ಕೆಲಸ ಬೇಜಾರಾಗಲ್ವಾ ನಿಂಗೆ?” ಎಂದು ಒಂದು ದಿನ ಕೇಳಿದಳು.

“ಬೇಜಾರಾ? ಚಿತ್ರ ಸರಿಯಾಗಿದ್ದರೆ ನಾನು ಅಲ್ಲಿದ್ದೀನಿ ಅನ್ನೋದೇ ಯಾರಿಗೂ ನೆನಪಿರಲ್ಲ. ಸ್ವಲ್ಪ ಅತ್ತಿತ್ತ ಆಗಲಿ, ಇಡೀ ಅಂಗಳ ಒಟ್ಟಿಗೆ ಕೂಗುತ್ತೆ, ‘ಏಯ್ ಕಟುಕಾ! ಅಕ್ಷರ ಎಲ್ಲೋ!’ ಅಂತ. ಚಿತ್ರ ಕಡಿದು ಹಾಕ್ತಾನೆ ಅಂತ ನಮ್ಮಜ್ಜನ ಕಾಲದಿಂದಲೂ ಆಪರೇಟರ್‌ಗೆ ಅದೇ ಬಿರುದು.”

“ಕೋಪ ಬರಲ್ವಾ?”

“ನಿನ್ನಷ್ಟು ಚುರುಕಾಗಿ ಬೈಯೋರು ಅಲ್ಲಿ ಯಾರಿದ್ದಾರೆ?”

ಅವಳು ಅವನ ತೋಳಿಗೊಂದು ಏಟು ಕೊಟ್ಟಳು. ಕೊಟ್ಟ ಕೈ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು.

‘ಹೇಳಿಬಿಡೇ ಮಿರ್ಸಿನಿ... ಇವನಿಗಾದರೂ ನಿಜ ಹೇಳಿಬಿಡೇ...’ ಎಂದು ಒಳಗೊಂದು ದನಿ. ‘ಅವನ ಮಾವ ಯಾರು ಅಂತ ಮರೆತ್ಯಾ? ಅಜ್ಜಿಯ ಗತಿ?’ ಎಂದು ಇನ್ನೊಂದು. ಪ್ರೀತಿಸುವವನ ಮುಂದೆ ದಿನಾ ಸುಳ್ಳಾಡುವುದು ಎಂಥ ಸಂಕಟ! ಹೌದು, ಪ್ರೀತಿಸುವವನು. ಆ ಮಾತನ್ನು ಅವಳು ಮನಸ್ಸಿನಲ್ಲಾದರೂ ಒಪ್ಪಿಕೊಂಡಿದ್ದಳು.

ಆರ್ಗಿರಿಸನಿಗೂ ಒಂದು ಅನುಮಾನ ಶುರುವಾಗಿತ್ತು. ಈ ಹುಡುಗಿ ಕೇಳುವುದೆಲ್ಲ ಪರದೆಯ ಬಲಗಡೆಯದನ್ನೇ... ಎಡಗಡೆಯ ಬಗ್ಗೆ ಒಂದೇ ಒಂದು ಪ್ರಶ್ನೆ ಇಲ್ಲ! ಅದೂ ಅಲ್ಲದೆ, ಟಿಕೆಟ್ ಸಾಲಿನಲ್ಲಿ ಅವಳನ್ನು ಒಮ್ಮೆಯೂ ಕಂಡ ನೆನಪಿಲ್ಲ.

* * *

ಬೇಸಿಗೆ ಮುಗಿಯುತ್ತಾ ಬಂತು. ಟಾಕೀಸು ಮುಚ್ಚುವ ಮುಂಚೆ ಗುಂಪಿನವರು ಆರಿಸಿದ ಸಿನಿಮಾವನ್ನು ಕೊನೆಯ ಆಟವಾಗಿ ಮತ್ತೆ ಹಾಕುವುದು ಅಲ್ಲಿಯ ಪದ್ಧತಿ. ಮೇಷ್ಟ್ರ ಹಟಕ್ಕೆ ಎಲ್ಲರೂ ಆ ಪೋರ್ಚುಗಲ್ ಸಿನಿಮಾಕ್ಕೇ ಕೈಯೆತ್ತಿದರು.

ಆ ಆಟದ ಹಿಂದಿನ ದಿನ, ಶುಕ್ರವಾರ ಬೆಳಗ್ಗೆ ಮಿರ್ಸಿನಿ ಸಂತೆಯಲ್ಲಿ ದೊಡ್ಡ ಕಲ್ಲಂಗಡಿಯೊಂದನ್ನು ಕೊಂಡು ಏದುಸಿರು ಬಿಡುತ್ತಿದ್ದಾಗ ಆರ್ಗಿರಿಸ್ ಎದುರಾದ.

“ಕೊಡು ಇಲ್ಲಿ. ಎಲ್ಲಿ ನಿಮ್ಮನೆ?”

“ಬೇಡ, ಬೇಡ! ನಾನೇ...”

ಅವನಾಗಲೇ ಹಣ್ಣು ಹೆಗಲಿಗೇರಿಸಿದ್ದ. ಮೆಟ್ಟಿಲು ಹತ್ತಿ ಒಳಗೆ ಬಂದದ್ದೇ ತಡ, ಅಜ್ಜಿ ಅವನ ಗಲ್ಲ ಹಿಡಿದು “ಥೂ, ಥೂ, ಥೂ! ದೃಷ್ಟಿಯಾಗದಿರಲಿ! ಎಷ್ಟು ಉದ್ದ ಬೆಳೆದಿದೀಯೋ ಮಗನೇ! ಹೋಗು, ಹಣ್ಣನ್ನ ಬಾಲ್ಕನೀಲಿ ನೆರಳಿಗಿಡು” ಅಂದುಬಿಟ್ಟಳು.

ಮಿರ್ಸಿನಿಗೆ ತಡೆಯುವಷ್ಟೂ ಸಮಯ ಸಿಗಲಿಲ್ಲ.

ಬಾಲ್ಕನಿಯಲ್ಲಿ ಪಕ್ಕಪಕ್ಕ ಎರಡು ಕುರ್ಚಿ. ಅಜ್ಜಿಯ ಕುರ್ಚಿಗೆ ಮೆತ್ತನೆಯ ದಿಂಬು. ನೆಲದಲ್ಲಿ ಸೂರ್ಯಕಾಂತಿ ಬೀಜದ ಸಿಪ್ಪೆ. ಎದುರಿಗೆ ಟಾಕೀಸಿನ ಬಿಳಿಗೋಡೆ... ಅದರ ಬಲಗಡೆಯನ್ನು ಪೂರ್ತಿ ನುಂಗಿದ ಹಿಪ್ಪುನೇರಳೆ ಮರ.

ಆರ್ಗಿರಿಸ್ ಮರ ನೋಡಿದ. ಕುರ್ಚಿ ನೋಡಿದ. ಆಮೇಲೆ ತಿರುಗಿ ಬಾಗಿಲಲ್ಲಿ ಬಿಳಿಚಿಕೊಂಡು ನಿಂತ ಮಿರ್ಸಿನಿಯನ್ನು ನೋಡಿದ.

“ಒಳ್ಳೇ ಗಾಳಿ ಬರುತ್ತೆ ಇಲ್ಲಿ,” ಎಂದ. ಅಷ್ಟೇ! ಎರಡೆರಡು ಮೆಟ್ಟಿಲು ಹಾರುತ್ತಾ ಇಳಿದು ಹೋದ.

ಈ ಗಂಡಸರಿಗೆ ಬುದ್ಧಿ ಯಾವಾಗ ಬರುತ್ತದೋ! ಹೋಗುವ ಮುಂಚೆ ಬಾಯಿಬಿಟ್ಟು ಒಂದು ಮಾತು ಆಡಿದ್ದರೆ ಆ ಹುಡುಗಿ ರಾತ್ರಿಯಿಡೀ ಹೊರಳಾಡುವುದು ತಪ್ಪುತ್ತಿತ್ತು.

ಶನಿವಾರ ಬೆಳಗ್ಗೆ ಕೆಳಗಿನಿಂದ ಸದ್ದು. ಮಿರ್ಸಿನಿ ಬಾಲ್ಕನಿಯಿಂದ ಬಗ್ಗಿದಳು. ಆರ್ಗಿರಿಸ್ ಉದ್ದುದ್ದ ಕಂಬಗಳನ್ನು ಹೊತ್ತು ಟಾಕೀಸಿನ ಗೇಟು ದಾಟುತ್ತಿದ್ದ. ಹಿಂದೆಯೇ ಕೆಲಸದವರು, ಹೆಗಲ ಮೇಲೆ ಬಿಳಿ ಬಟ್ಟೆಯ ದಪ್ಪ ಸುರುಳಿ. “ಗಟ್ಟಿಯಾಗಿ ನಿಲ್ಲಿಸ್ರೋ, ಗಾಳಿಗೆ ಅಲ್ಲಾಡಬಾರದು!” ಎಂದು ಮೆನೆಲಾವೋಸ್ ಒಳಗೆ ಕೂಗುತ್ತಿದ್ದರು.

‘ಹೇಳಿಬಿಟ್ಟ... ಮಾವನಿಗೆ ಹೇಳೇಬಿಟ್ಟ!’

ಅವಳು ಚಪ್ಪಲಿಯನ್ನೂ ಸರಿಯಾಗಿ ಹಾಕದೆ ಓಡಿದಳು. ಗೇಟಿನಲ್ಲೇ ಸಿಕ್ಕಿದ ಆರ್ಗಿರಿಸ್ ಅವಳನ್ನು ಕಂಡು ಅಗಲವಾಗಿ ನಕ್ಕ. ಆ ನಗು ಅವಳ ಮೈ ಉರಿಸಿತು.

“ನಿನಗೆ ನಗು ಬೇರೆ! ಆ ಬಟ್ಟೆ ಯಾಕೆ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?”

ಅವನು ಗಾಬರಿಯಿಂದ ಹಿಂದೆ ನೋಡಿದ. “ಶ್... ಮೆಲ್ಲಗೆ ಮಿರ್ಸಿನಿ! ಮಾವನಿಗೆ ಕೇಳ್ಸುತ್ತೆ!”

“ಚಾಡಿ ಹೇಳಿದ ಮೇಲೆ ಈಗ್ಯಾಕೆ ಭಯ? ನನ್ನ ಮೇಲೆ ಸಿಟ್ಟಿದ್ದಿದ್ದರೆ ನನ್ನನ್ನ ಬೈಬೇಕಿತ್ತು. ಅಜ್ಜಿಗೆ ಉಳಿದಿರೋದು ಅದೊಂದೇ ಕಣೋ, ಅದೊಂದೇ...” ಅವಳು ಮುಂಗೈಯಿಂದ ಕಣ್ಣೊರೆಸಿಕೊಂಡಳು. “ನಿನ್ನ ಜನ ನಿನಗೆ ಸರಿಯಾಗೇ ಹೆಸರಿಟ್ಟಿದ್ದಾರೆ. ಕಟುಕ!”

ಯಾರು ಯಾರೋ ಕೂಗಿದಾಗ ನಗುತ್ತಿದ್ದವನ ಮುಖ ಈಗ ಸಪ್ಪಗಾಯಿತು.

“ಸಾಯಂಕಾಲ... ಸಾಯಂಕಾಲದ ಆಟ ಒಂದು ನೋಡು. ಆಮೇಲೆ ಬೈಯಿ,” ಎಂದ.

“ನಿನ್ನ ಆಟ ನೀನೇ ನೋಡ್ಕೋ!”

ತಿರುಗಿ ನೋಡದೆ ಹೋದಳು. ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಥೆನ್ಸಿನವನಿಗಾಗಿ ಇಷ್ಟು ಅತ್ತಿರಲಿಲ್ಲ.

* * *

“ಅಜ್ಜಿ, ಇವತ್ತು ಸಿನಿಮಾ ಬೇಡ. ತಲೆನೋವು.”

“ತಲೆ ನಿಂದು ನೋಯ್ತಿದೆ, ನಂದಲ್ಲ. ಕುರ್ಚಿ ಎಳಿ.”

“ಅಜ್ಜಿ, ಅಲ್ಲಿ ಏನೂ ಕಾಣಲ್ಲ ಇವತ್ತು...”

“ಕಾಣದಿದ್ದರೆ ಕೇಳ್ತೀನಿ. ಎಳಿಯೇ ಅಂದ್ರೆ!”

ಮಿರ್ಸಿನಿ ತಲೆ ತಗ್ಗಿಸಿಕೊಂಡೇ ಅಜ್ಜಿಯನ್ನು ಕೈಹಿಡಿದು ಹೊರಗೆ ಕೂರಿಸಿದಳು. ಕಣ್ಣೆತ್ತಲು ಧೈರ್ಯವಿರಲಿಲ್ಲ. ಕೆಳಗೆ ಜಲ್ಲಿಕಲ್ಲಿನ ಮೇಲೆ ಹೆಜ್ಜೆಗಳ ಕರಕರ ಸದ್ದು, ಮಲ್ಲಿಗೆಯ ವಾಸನೆ, ಸೊಳ್ಳೆಬತ್ತಿಯ ಹೊಗೆ. ಸಂಗೀತ ಶುರುವಾಯಿತು.

“ಅರೆ!” ಎಂದಳು ಅಜ್ಜಿ. “ಇದೇನೇ ಇದು!”

ಮಿರ್ಸಿನಿ ಕಣ್ಣೆತ್ತಿದಳು.

ಬಾಲ್ಕನಿಯ ಮುಂದೆ ಟಾರ್ಪಾಲು ಇರಲಿಲ್ಲ. ಆ ಕಂಬಗಳು ಗೋಡೆಯ ಎಡತುದಿಯನ್ನೂ ದಾಟಿ ನಿಂತಿದ್ದವು. ಅವಕ್ಕೆ ಬಿಗಿದ ಬಿಳಿ ಬಟ್ಟೆ ಅಲ್ಲಿಂದ ಹೊರಟು ಹಿಪ್ಪುನೇರಳೆಯ ಮೊದಲ ಎಲೆಗೆ ಸರಿಯಾಗಿ ಮುಗಿದಿತ್ತು. ಅದರ ಮೇಲೆ ಚಿತ್ರ... ಈ ತುದಿಯಿಂದ ಆ ತುದಿಯವರೆಗೆ, ಇಡೀ ಚಿತ್ರ!

ಹೊಸ ಪರದೆ! ಆ ಬಟ್ಟೆ ಹೊಸ ಪರದೆ!

ಕೆಳಗೆ ಮಾತ್ರ ಗಲಾಟೆಯೋ ಗಲಾಟೆ.

“ಏನಯ್ಯಾ ಇದು, ಪರದೇನ ಮೂಲೆಗೆ ತಳ್ಳಿದೀಯಾ?”

“ನನ್ನ ಕತ್ತು ಉಳುಕ್ತು!”

“ಏಯ್ ಕಟುಕಾ! ಅಕ್ಷರ! ಅಕ್ಷರ ಎಲ್ಲೋ!”

ಅಕ್ಷರಗಳು ಬಟ್ಟೆಯಿಂದ ಕೆಳಗಿಳಿದು ಮಲ್ಲಿಗೆ ಬಳ್ಳಿಯ ಮೇಲೆ ಓಡುತ್ತಿದ್ದವು. ಮೆನೆಲಾವೋಸ್ ಯಂತ್ರದ ಕೋಣೆಯತ್ತ ಓಡಿದರು. “ಗೋಡೆಗೆ ಹಿಪ್ಪುನೇರಳೆ ಕಲೆ ಆಗಿದೆ, ಬಟ್ಟೆ ಕಟ್ಟೋಣ ಮಾವ ಅಂತ ನೀನಂದೆ, ನಾನು ಸರಿ ಅಂದೆ! ನಾನು ಊಟಕ್ಕೆ ಹೋಗಿ ಬರೋದ್ರೊಳಗೆ ಇಷ್ಟು ಎಡಕ್ಕೆ ಕಟ್ಟಿಬಿಟ್ಯೇನೋ ದರಿದ್ರದವನೇ! ಈಗಲೇ ಬಲಕ್ಕೆ ಸರಿಸು!”

“ಅಕ್ಷರ ಮೇಲೆ ತರ್ತೀನಿ ಮಾವ,” ಎಂದಿತು ಆರ್ಗಿರಿಸನ ದನಿ. “ಪರದೆ ಮಾತ್ರ ಅಲ್ಲೇ ಇರುತ್ತೆ.”

“ಕಟುಕಾ! ಕಟುಕಾ!” ಎಂದು ಇಡೀ ಅಂಗಳ ಕಾಲು ಬಡಿಯಿತು. ಅವನು ಬಗ್ಗಲಿಲ್ಲ. ಯಂತ್ರದ ಕೋಣೆಯ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಪರದೆಯತ್ತ ನೋಡಲಿಲ್ಲ, ಬೈಯುವವರತ್ತ ನೋಡಲಿಲ್ಲ. ನೇರ ಮೂರನೇ ಮಹಡಿಯ ಬಾಲ್ಕನಿಯತ್ತ ನೋಡಿದ.

ಮಿರ್ಸಿನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೆಳಗ್ಗೆ ಅವನು ‘ಮಾವನಿಗೆ ಕೇಳ್ಸುತ್ತೆ’ ಅಂದದ್ದು ಯಾಕೆಂದು ಈಗ ಹೊಳೆಯಿತು. ಅಜ್ಜಿಯ ಬಾಲ್ಕನಿ ಉಳಿಯಲೆಂದು! ‘ನಾನು ಅವನಿಗೆ ಎಂಥ ಮಾತು ಅಂದುಬಿಟ್ಟೆ...’

ಸಿನಿಮಾ ಸಾಗಿತು. ಅಕ್ಷರ ಮೇಲೆ ಬಂತು, ಜನ ಗೊಣಗುತ್ತಾ ಸುಮ್ಮನಾದರು. ಕೊನೆಯ ದೃಶ್ಯ ಬಂತು. ಹೆಣ್ಣು ಪೆಟ್ಟಿಗೆ ಹಿಡಿದು ದೋಣಿ ಇಳಿದಳು. ಕಟ್ಟೆಯ ಆ ತುದಿಯಲ್ಲಿ ಒಬ್ಬ ನಿಂತಿದ್ದ. ಅಂಥ ಚೆಲುವನೇನಲ್ಲ. ಸ್ವಲ್ಪ ಹೊಟ್ಟೆ, ಸುಕ್ಕಾದ ಕೋಟು. ಟೋಪಿಯನ್ನು ಎರಡೂ ಕೈಯಲ್ಲಿ ಹಿಚುಕುತ್ತಾ, ಅವಳು ತನ್ನನ್ನು ನೋಡುತ್ತಾಳೋ ಇಲ್ಲವೋ ಎಂದು ಹೆದರಿ ನಿಂತಿದ್ದ.

“ಓಹೋ! ಗಂಡಸಿದ್ದಾನೆ!” ಎಂದಳು ಅಜ್ಜಿ. “ನಾನು ನಾಯಿ ಅಂತ ಕಟ್ಕೊಂಡಿದ್ದೆ.”

ಪಕ್ಕದ ಕುರ್ಚಿ ಖಾಲಿಯಾಗಿತ್ತು.

* * *

“ಟಿಕೆಟ್?” ಎಂದರು ಮೆನೆಲಾವೋಸ್ ಗೇಟಿಗೆ ಅಡ್ಡ ನಿಂತು. ಆಟ ಮುಗಿದು ಅಂಗಳದ ದೀಪ ಹತ್ತಿತ್ತು. ಜನ ಇನ್ನೂ ಎದ್ದಿರಲಿಲ್ಲ.

“ಇಲ್ಲ,” ಎಂದಳು ಮಿರ್ಸಿನಿ ಏದುಸಿರಿನಲ್ಲಿ. ಕಾಲಲ್ಲಿ ಮನೆಯ ಚಪ್ಪಲಿ. “ಈ ಬೇಸಿಗೆ ಒಂದು ಸಲವೂ ತಗೊಂಡಿಲ್ಲ. ಬಾಲ್ಕನಿ ಕಳ್ಳಿ ನಾನೇ! ನಂಗೆ ಏನು ಬೇಕಾದ್ರೂ ಅನ್ನಿ, ಆದರೆ ಆರ್ಗಿರಿಸನ್ನ ಬೈಬೇಡಿ. ಪರದೆ ಸರಿಸಿದ್ದು ನಮಗೋಸ್ಕರ. ಮರ ಅಡ್ಡ ಬರ್ತಿತ್ತು. ಟೋಪಿ ಹಿಡಿದೋನನ್ನ ನಾನು ಇವತ್ತಿನವರೆಗೂ ನೋಡೇ ಇರಲಿಲ್ಲ!”

ಕೂತವರೆಲ್ಲ ಅವಳತ್ತ ತಿರುಗಿದರು.

“ನೋಡೇ ಇರಲಿಲ್ವಾ?” ಮೇಷ್ಟ್ರು ಕೊಸ್ಮಾಸ್ ಕುರ್ಚಿಯಲ್ಲಿ ಕುಸಿದರು. “ಹಾಗಾದರೆ ಇದ್ದೂ ಇಲ್ಲದ ಗಂಡಸು? ಲಾರಿಸಾದಲ್ಲಿರೋ ನನ್ನ ತಂಗಿಗೆ ಫೋನು ಮಾಡಿ ಹೇಳಿದ್ನಲ್ಲಮ್ಮಾ ನಾನು!”

“ಕ್ಷಮಿಸಿ ಮೇಷ್ಟ್ರೇ. ಕತ್ತೇನೂ ನೋಡಿರಲಿಲ್ಲ.”

ರೊದೂಲಾ ಮೊದಲು ನಕ್ಕಳು. ಆಮೇಲೆ ಇಡೀ ಅಂಗಳ. ನಗದವರು ಮೆನೆಲಾವೋಸ್ ಒಬ್ಬರೇ. ಅವರ ಮುಖ ಟೊಮೆಟೊ ಆಗಿತ್ತು.

“ಯಾವ ಬಾಲ್ಕನಿ?” ಎಂದು ಗುಡುಗಿದರು. “ನಾಳೆ ಬೆಳಗ್ಗೆನೇ ಅದರ ಮುಂದೆ ಟಾರ್ಪಾಲು...”

“ಈ ಬಾಲ್ಕನಿ ಕಣೋ ಮೆನೆಲಾವೋಸ್!”

ಎಲ್ಲರ ತಲೆಯೂ ಮೇಲೆದ್ದಿತು. ಸ್ತಮಾತಿಯಾ ಅಜ್ಜಿ ಕಂಬಿ ಹಿಡಿದು ನಿಂತಿದ್ದಳು.

“ನಿಮ್ಮಪ್ಪ ಈ ಅಂಗಳದಲ್ಲಿ ಮೊದಲ ಸಿನಿಮಾ ಹಾಕಿದಾಗ ಪರದೆಯ ಒಂದು ಹಗ್ಗ ಎಳೆದು ಕಟ್ಟಿದ್ದು ಯಾವ ಕಂಬಿಗೋ? ಇದೇ ಕಂಬಿಗೆ! ಹಗ್ಗ ಬಿಗಿದೋಳು ನಾನು! ನೀನು ಚಡ್ಡಿ ಹಾಕ್ಕೊಂಡು ನನ್ನ ತೊಡೆ ಮೇಲೆ ಕೂತು ನೋಡಿದ್ದು ಎಲ್ಲಿಂದಲೋ? ಆವಾಗ ನಿಂಗೆ ಟಿಕೆಟ್ ಇತ್ತಾ?”

ಮೆನೆಲಾವೋಸ್ ಕಣ್ಣು ಕಿರಿದು ಮಾಡಿ ಮೇಲೆ ನೋಡಿದರು. ಟೊಮೆಟೊ ಮುಖ ನಿಧಾನವಾಗಿ ಸಡಿಲವಾಯಿತು.

“ಸ್ತಮಾತಿಯಾ ಅತ್ತೆ... ನೀವಾ? ಕೆಳಗೆ ಕಾಣಿಸ್ತಾನೇ ಇರಲಿಲ್ಲ... ನೀವು ಮಗಳ ಮನೆಗೆ ಹೋದಿರಿ ಅಂದ್ಕೊಂಡಿದ್ದೆ.”

“ಸೊಂಟ ಮುರಿದು ಇಲ್ಲೇ ಬಿದ್ದಿದೀನಿ. ಒಂದು ದಿನ ಬಂದು ನೋಡಿದ್ಯಾ?”

ಮೇಲಿನಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿಯೊಂದು ತೂಗಾಡುತ್ತಾ ಇಳಿಯಿತು. ಒಳಗೆ ಕಲ್ಲಂಗಡಿಯ ಹೋಳುಗಳು. ಮೆನೆಲಾವೋಸ್ ಅವನ್ನೆತ್ತಿಕೊಂಡು, ಬುಟ್ಟಿಯೊಳಗೆ ಚೀಸ್ ಪಫ್ ಇಟ್ಟರು, ತಣ್ಣನೆಯ ಚೆರ್ರಿ ಶರಬತ್ತಿನ ಬಾಟಲಿ ಇಟ್ಟರು. ಕಣ್ಣು ಒರೆಸಿಕೊಂಡು ಜನರತ್ತ ತಿರುಗಿದರು.

“ಪರದೆ ಮುಂದಿನ ಬೇಸಿಗೆಗೂ ಅಲ್ಲೇ ಇರುತ್ತೆ! ಕತ್ತು ನೋವು ಅನ್ನೋರು ಎಡಗಡೆ ಕೂತ್ಕೊಳ್ಳಿ!”

ಈಗ ಚಪ್ಪಾಳೆ ಬಿತ್ತು ನೋಡಿ!

ಆ ಗದ್ದಲದಲ್ಲಿ ಮಿರ್ಸಿನಿ ತಿರುಗಿದಳು. ಹಿಪ್ಪುನೇರಳೆಯ ಕೆಳಗೆ, ಪರದೆಯ ಬಲತುದಿಯಲ್ಲಿ, ಆರ್ಗಿರಿಸ್ ನಿಂತಿದ್ದ. ಕೈಯಲ್ಲಿ ಟೋಪಿ ಇರಲಿಲ್ಲ. ಎಣ್ಣೆ ಬಟ್ಟೆಯನ್ನೇ ಹಿಚುಕುತ್ತಿದ್ದ. ಜಲ್ಲಿಕಲ್ಲಿನ ಮೇಲೆ ಅವಳು ನಡೆದಳು.

“ನಿಂಗೆ ಬೆಳಗ್ಗೆ ಏನೇನೋ ಅಂದೆ...”

“ಕಟುಕ ಅಂದೆ. ರೂಢಿಯಾಗಿದೆ ಬಿಡು.” ಅವನು ಎಣ್ಣೆ ಬಟ್ಟೆಯನ್ನು ಇನ್ನೊಮ್ಮೆ ಹಿಂಡಿದ. “ಆದರೆ ನೀನು ಅಂದಿದ್ದು ನೋವಾಯ್ತು ಕಣೇ. ಬೇರೆಯವರು ಏನಂದ್ರೂ ಆಗಲ್ಲ... ನಿನ್ನನ್ನ ನಾನು ಪ್ರೀತಿಸ್ತೀನಿ, ಅದಕ್ಕೇ ಇರಬೇಕು.”

ಅವಳ ಕಣ್ಣು ತುಂಬಿತು. ನಗುವೂ ಬಂತು. ಎರಡೂ ಒಟ್ಟಿಗೇ.

“ಅವನು ಎಷ್ಟು ಹೊತ್ತಿಂದ ನಿಂತಿದ್ದ?”

“ಯಾರು?”

“ಟೋಪಿಯೋನು.”

“ಅವಳು ದೋಣಿ ಇಳಿಯೋಕೆ ಮುಂಚಿಂದಲೂ,” ಎಂದ ಆರ್ಗಿರಿಸ್. “ನಿಂಗೇ ಕಂಡಿರಲಿಲ್ಲ.”

ಮಿರ್ಸಿನಿ ಎರಡೂ ಕೈ ಚಾಚಿದಳು. ಅಲ್ಲಿ ಗಾಳಿಯಷ್ಟೇ ಇರಲಿಲ್ಲ. ಮೇಲೆ ಬಾಲ್ಕನಿಯಿಂದ “ಥೂ, ಥೂ, ಥೂ!” ಕೇಳಿಸಿತು.

ಸ್ವಲ್ಪ ಹೊತ್ತಾದ ಮೇಲೆ ಅವಳ ಕೂದಲೊಳಗಿನಿಂದ ಅವನು ಮೆಲ್ಲಗೆ ಕೇಳಿದ.

“ಹೇಗಿದ್ದಾನೆ ಅವನು? ನಿನ್ನ ಅಭಿಪ್ರಾಯ?”

“ಭಾನುವಾರ ಹೇಳ್ತೀನಿ.”

“ಟಾಕೀಸು ಇವತ್ತಿಗೆ ಮುಚ್ತಲ್ಲ. ಇನ್ನು ಭಾನುವಾರ ಯಾರೂ ಬರಲ್ಲ.”

“ನಾನು ಬರ್ತೀನಿ ಕಣೋ,” ಎಂದಳು ಮಿರ್ಸಿನಿ.